ಸೋತವರು ಮೊದಲು ಕೇಳಲಿ

ನಮ್ಮದು ರೈಸ್ ಮಿಲ್ಲಿನ ಮನೆ. ಹಾಗೆಂದರೆ ಕೇಳಿದವರು ನಾನು ದಿನಾ ಮಲ್ಲಿಗೆಯಂಥ ಅನ್ನ ಉಂಡು ಬೆಳೆದವಳು ಅಂದುಕೊಳ್ಳುತ್ತಾರೆ. ನಾನು ಉಂಡು ಬೆಳೆದದ್ದು ನುಚ್ಚು. ಕಂಪ್ಲಿಯ ನಮ್ಮ ಮಿಲ್ಲಿನಿಂದ ಇಡಿ ಅಕ್ಕಿ ಚೀಲ ಚೀಲವಾಗಿ ಲಾರಿ ಹತ್ತಿ ಹೋಗುತ್ತಿತ್ತು; ಜರಡಿಯ ಕೆಳಗೆ ಬಿದ್ದ ಮುರುಕು ಅಕ್ಕಿ ಹಿಂಬಾಗಿಲಿನಿಂದ ಅಡುಗೆಮನೆಗೆ ಬರುತ್ತಿತ್ತು. ಇದು ಬಡತನವಲ್ಲ, ನಮ್ಮ ಅಜ್ಜಿಯ ಶಿಸ್ತು. ಬೀಗರು ಬಂದ ದಿನ ಮಾತ್ರ ಇಡಿ ಅಕ್ಕಿಗೆ ಎಸರು ಇಡುತ್ತಿದ್ದರು. ಅವತ್ತು ನಾವು ಮಕ್ಕಳು ಉದ್ದುದ್ದ ಅಗುಳನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದೆವು. ಉಳಿದ ದಿನ ಯಾರಾದರೂ ಗೊಣಗಿದರೆ ಅಜ್ಜಿಯ ಬಾಯಲ್ಲಿ ಒಂದೇ ಉತ್ತರ.

"ಅಕ್ಕಿ ಮಾರಾಕ, ನುಚ್ಚು ಉಣ್ಣಾಕ. ಬ್ಯಾಡಾದ್ರ ಎದ್ದು ಹೋಗು."

ಎದ್ದು ಹೋಗುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಅಡುಗೆ ಗಂಗತ್ತೆಯದು. ನುಚ್ಚು ಮಾಡುವುದು ಅನ್ನ ಮಾಡಿದಷ್ಟು ಸಲೀಸಲ್ಲ. ಒಂದು ಚೂರು ನೀರು ಹೆಚ್ಚಾದರೆ ಗಂಜಿ, ಒಂದು ಚೂರು ಉರಿ ಹೆಚ್ಚಾದರೆ ತಳ ಹತ್ತಿದ ಹೆಂಟೆ. ಅಮ್ಮ ಮಾಡಿದರೆ ಗಂಜಿಯಾಗುತ್ತಿತ್ತು, ದೊಡ್ಡವ್ವ ಮಾಡಿದರೆ ಹೆಂಟೆಯಾಗುತ್ತಿತ್ತು. ಅತ್ತೆ ಮಾಡಿದರೆ ಉದುರುದುರಾಗಿ ರವೆಯ ಹಾಗೆ ಬರುತ್ತಿತ್ತು. ಮೇಲೆ ಶೇಂಗಾ ಚಟ್ನಿಪುಡಿ, ಒಂದು ಸೌಟು ಗಟ್ಟಿ ಮೊಸರು. ಹೊಸಪೇಟೆಯ ನನ್ನ ಅಡುಗೆಮನೆಯಲ್ಲಿ ಇವತ್ತು ಎಲ್ಲ ಬಗೆಯ ಅಕ್ಕಿಯೂ ಇದೆ. ಆ ಬಟ್ಟಲು ನುಚ್ಚಿಗಾಗಿ ನನ್ನ ಜೀವ ಹಂಬಲಿಸುವಷ್ಟು ಬೇರೆ ಯಾವುದಕ್ಕೂ ಹಂಬಲಿಸುವುದಿಲ್ಲ.

ಗಂಗತ್ತೆ ನನ್ನ ಅಪ್ಪನ ಅಕ್ಕ, ದೊಡ್ಡಪ್ಪನ ತಂಗಿ. ಇಬ್ಬರ ನಡುವಿನವಳು. ಗಂಗಾವತಿಗೆ ಕೊಟ್ಟಿದ್ದರು, ಬಾಳ್ವೆ ಹೊಂದಲಿಲ್ಲ, ತಿರುಗಿ ತವರಿಗೆ ಬಂದಳು. ಇಷ್ಟನ್ನು ನಮ್ಮ ಮನೆಯಲ್ಲಿ ಯಾವಾಗಲೂ ಇಷ್ಟೇ ಮಾತಿನಲ್ಲಿ ಹೇಳುತ್ತಿದ್ದರು. ತವರಿಗೆ ಬಂದ ಹೆಣ್ಣುಮಗಳೆಂದರೆ ಮೂಲೆಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುವವಳು ಎಂದು ಯಾರಾದರೂ ಎಣಿಸಿದ್ದರೆ ಅವರು ಗಂಗತ್ತೆಯನ್ನು ನೋಡಿಲ್ಲ. ಅವಳ ನಗು ಮಿಲ್ಲಿನ ಸದ್ದನ್ನೂ ದಾಟಿ ಅಂಗಳಕ್ಕೆ ಕೇಳಿಸುತ್ತಿತ್ತು. ಸಿಟ್ಟು ಬಂದರೆ ಕೈಗೆ ಸಿಕ್ಕ ಲಟ್ಟಣಿಗೆ ಹಾರಿ ಬರುತ್ತಿತ್ತು. ಆಟದಲ್ಲಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ನಾಚಿಕೊಳ್ಳುತ್ತಲೂ ಇರಲಿಲ್ಲ. ನಾನು ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲಿ. ಅಮ್ಮನ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ. ಅಮ್ಮ ನನಗೆ ಅಮ್ಮ, ಅತ್ತೆ ನನಗೆ ಮನೆ.

ಮನೆ ಮತ್ತು ಮಿಲ್ಲಿನ ನಡುವೆ ಒಂದೇ ಗೋಡೆ. ತೌಡಿನ ಧೂಳು ಪಡಸಾಲೆಯ ಕಡಪ ಕಲ್ಲಿನ ಮೇಲೆ, ದೇವರ ಜಗಲಿಯ ಮೇಲೆ, ನಮ್ಮ ಪಠ್ಯಪುಸ್ತಕಗಳ ಮೇಲೆ ಕೂರುತ್ತಿತ್ತು. ಮಿಲ್ಲು ನಡೆಯುವಾಗ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ಹಲ್ಲು ಕಟಕಟ ಅನ್ನುತ್ತಿದ್ದವು. ನಮಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ, ಕರೆಂಟು ಹೋಗಿ ಮಿಲ್ಲು ನಿಂತಾಗ ಮಾತ್ರ ಎಲ್ಲರೂ ಬೆಚ್ಚಿ "ಏನಾತು?" ಅನ್ನುತ್ತಿದ್ದೆವು. ಆಗ ಪಡಸಾಲೆಯಲ್ಲಿ ಎಲ್ಲರ ಮಾತೂ ತೀರಾ ದೊಡ್ಡದಾಗಿ ಕೇಳುತ್ತಿತ್ತು.

ಮಾತಿನ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲಿ ಒಂದು ವಿಚಿತ್ರ ರೂಢಿಯಿತ್ತು. ಅಪ್ಪ ಮತ್ತು ದೊಡ್ಡಪ್ಪ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಒಂದೇ ಮಿಲ್ಲಿನಲ್ಲಿ ದುಡಿಯುತ್ತಿದ್ದರು, ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದರು, ಒಂದೇ ಕರಡಿಗೆಯಿಂದ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮಾತು ಮಾತ್ರ ಇಲ್ಲ. ಜಗಳ ಯಾಕೆ ಶುರುವಾಯಿತೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಎಮ್ಮೆ ಮಾರಿದ್ದಕ್ಕೆ ಅಂತ ಅಮ್ಮ ಅನ್ನುತ್ತಿದ್ದಳು. ಅಜ್ಜನ ಸಮಾಧಿಯ ಗದ್ದುಗೆಗೆ ಯಾವ ಊರಿನ ಕಲ್ಲು ತರಿಸಬೇಕು ಎಂಬ ಮಾತಿಗೆ ಅಂತ ದೊಡ್ಡವ್ವ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಜಾತಿಯ ಇಬ್ಬರಿಗೆ ಜಗಳಕ್ಕೆ ಕಾರಣವೇನೂ ಬೇಕಾಗಿರಲಿಲ್ಲ ಬಿಡಿ. ಆದರೆ ಮಿಲ್ಲು ನಡೆಯಬೇಕಲ್ಲ? ಅದಕ್ಕೆ ಗಂಗತ್ತೆ.

"ಗಂಗಾ, ಅವಂಗ ಹೇಳು, ಸಿರುಗುಪ್ಪದ ಭತ್ತ ಇನ್ನಾ ಬಂದಿಲ್ಲ ಅಂತ. ಹೊತ್ತು ಮುಣುಗೂ ತನಕ ಮಲಗಿದ್ರ ಎಲ್ಲಿಂದ ಬರಬೇಕು ಅಂತನೂ ಹೇಳು."

ಅಪ್ಪ ಅಲ್ಲೇ, ಎರಡು ಮಾರು ಆಚೆ, ಕಂಬಕ್ಕೊರಗಿ ಕುಳಿತಿರುತ್ತಿದ್ದ. ಕಿವುಡನಲ್ಲ. ಆದರೂ ಅತ್ತೆ ಹೇಳುವ ತನಕ ಅವನಿಗೆ ಕೇಳಿಸುತ್ತಿರಲಿಲ್ಲ. ಅತ್ತೆ ಅವನ ಕಡೆ ತಿರುಗಿ, "ಭತ್ತ ಬಂದಿಲ್ಲಂತಪ್ಪ, ಒಂದೀಟು ನೋಡಬೇಕಂತ" ಅನ್ನುತ್ತಿದ್ದಳು. ಮಲಗಿದ ಮಾತನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತಿದ್ದಳು.

"ಅಕ್ಕಾ, ಅಣ್ಣಗ ಹೇಳು, ನಾಳೆ ಬರ್ತೈತಿ ಅಂತ. ಮಲಗಾಂವ ಯಾರು ಅಂತ ಊರಿಗೇ ಗೊತ್ತೈತಿ ಅಂತನೂ ಹೇಳು."

"ನಾಳೆ ಬರ್ತೈತಂತಣ್ಣ."

ಒಬ್ಬರ ಕುಹಕ ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೆ ಅತ್ತೆಯ ಬಾಯಿಂದ ಬಾರದ ಮಾತು ನಮ್ಮ ಮನೆಯಲ್ಲಿ ಲೆಕ್ಕಕ್ಕಿರಲಿಲ್ಲ. ಒಂದು ಸಲ ಮಿಲ್ಲಿನ ಬೆಲ್ಟು ಕಿತ್ತು ಹೋಗಿ, ಅಣ್ಣತಮ್ಮಂದಿರಿಬ್ಬರೂ ಅದರ ಎರಡು ತುದಿ ಹಿಡಿದು ನಿಂತಿದ್ದರು. ಯಾವ ಕಡೆ ಎಳೆಯಬೇಕೆಂದು ಕೇಳಲು ಅತ್ತೆ ಬರಬೇಕಿತ್ತು. ಅವಳು ತಲೆಗೆ ಎರೆದುಕೊಳ್ಳುತ್ತಿದ್ದಳು. ಅವಳು ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಂಡು ಬರುವ ತನಕ ಇಬ್ಬರೂ ಬೆಲ್ಟು ಹಿಡಿದು ಆಕಾಶ ನೋಡುತ್ತ ನಿಂತಿದ್ದರು. ಹಮಾಲರು ಬಾಯಿಗೆ ಟವೆಲು ಒತ್ತಿಕೊಂಡು ನಕ್ಕರು. ನಾವೂ ನಕ್ಕೆವು. ಅತ್ತೆ ನಗಲಿಲ್ಲ, "ನಾ ಸತ್ರ ನೀವಿಬ್ರೂ ಹಿಂಗ ಬೆಲ್ಟ್ ಹಿಡ್ಕೊಂಡ ನಿಂತಿರ್ರಿ" ಅಂದು ಒಳಗೆ ಹೋದಳು. ಮಾತಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಇಬ್ಬರೂ ಬೈಯುತ್ತಿದ್ದದ್ದು ಅವಳನ್ನೇ, ಅದನ್ನೂ ಇಲ್ಲಿ ಹೇಳಬೇಕು.

ಈ ಮನೆಗೆ ಕಾರ್ಡುಗಳು ಬಂದವು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಒಂದು ಹುಳಿ ಚ್ಯೂಯಿಂಗ್ ಗಮ್ ಸಿಗುತ್ತಿತ್ತು, ಒಂದೊಂದು ಪೊಟ್ಟಣದಲ್ಲೂ ಒಂದು ಕಾರ್ಡು. ಕಾರ್ಡಿನ ಮೇಲೆ ಒಬ್ಬ ವೀರ. ಕಬ್ಬಿಣದ ಕೈಯವನು, ಹದ್ದಿನ ತಲೆಯವನು, ಬೆಂಕಿಯ ಜಡೆಯವಳು. ಕೆಳಗೆ ಅವರ ಪವರ್, ಸ್ಪೀಡ್, ಹೈಟ್, ಬುದ್ಧಿ ಇಷ್ಟಿಷ್ಟು ಎಂದು ಅಂಕಿ. ಪೊಟ್ಟಣ ಒಡೆಯುವ ತನಕ ಯಾರು ಸಿಗುತ್ತಾರೋ ಗೊತ್ತಿಲ್ಲ. ಗಮ್ ಉಗುಳಿ ಕಾರ್ಡು ಇಟ್ಟುಕೊಳ್ಳುತ್ತಿದ್ದೆವು. ನನ್ನದೊಂದು ಕಟ್ಟು, ದೊಡ್ಡಪ್ಪನ ಮಗ ವೀರೇಶನದೊಂದು ಕಟ್ಟು. ವೀರೇಶ ನನಗಿಂತ ಸ್ವಲ್ಪ ದೊಡ್ಡವನು, ಗಟ್ಟಿ ಗಂಟಲಿನವನು, ಆದ್ದರಿಂದ ನಿಯಮಗಳೆಲ್ಲ ಅವನವೇ.

ಆಟ ಸುಲಭ. ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ಆರಿಸಿ ಬೋರಲು ಇಡಬೇಕು. ಒಬ್ಬರು "ಸ್ಪೀಡ್" ಅಂತಲೋ "ಪವರ್" ಅಂತಲೋ ಕೇಳಬೇಕು. ತಿರುವಿ ನೋಡಿದಾಗ ಯಾರ ಅಂಕಿ ದೊಡ್ಡದೋ ಅವರಿಗೆ ಎರಡೂ ಕಾರ್ಡು, ಖಾಯಂ ಆಗಿ. ಕೇಳುವವರಿಗೇ ಅನುಕೂಲ, ಯಾಕೆಂದರೆ ತಮ್ಮ ವೀರನ ಬಲ ಯಾವುದರಲ್ಲಿದೆಯೋ ಅದನ್ನೇ ಕೇಳಬಹುದು. ವೀರೇಶನ ನಿಯಮದಂತೆ ಗೆದ್ದವನೇ ಮತ್ತೆ ಕೇಳಬೇಕು. ಹೀಗಾಗಿ ಒಮ್ಮೆ ಗೆದ್ದವನು ಗೆಲ್ಲುತ್ತಲೇ ಹೋಗುತ್ತಿದ್ದ, ಮತ್ತು ಆ ಒಮ್ಮೆ ಗೆದ್ದವನು ಯಾವಾಗಲೂ ವೀರೇಶ.

ಆ ಕಾರ್ಡುಗಳಲ್ಲಿ ಒಬ್ಬ ನರಪೇತಲ ಇದ್ದ. ಹೆಗಲ ಮೇಲೊಂದು ಚೀಲ ಹೊತ್ತು, ಬೆನ್ನು ಬಾಗಿಸಿ, ಇನ್ನುಳಿದ ವೀರರ ಸಾಮಾನು ಹೊರಲು ಹೊರಟವನ ಹಾಗೆ. ಪವರ್ ಇಲ್ಲ, ಸ್ಪೀಡ್ ಇಲ್ಲ, ಹೈಟ್ ಇಲ್ಲ. ಚೀಲ ಹೊರುವವನಿಗೆ ಬುದ್ಧಿ ಯಾಕೆ ಅಂತ ಅದನ್ನೂ ಕೊಟ್ಟಿರಲಿಲ್ಲ. ಯಾವುದನ್ನು ಕೇಳಿದರೂ ಸೋಲುತ್ತಿದ್ದ. ಅವನಿಗೆ ನಾವು ಇಟ್ಟ ಹೆಸರು ನುಚ್ಚು. ನನಗೆ ಸಿಕ್ಕ ದಿನ ನಾನು ಅವನನ್ನು ಅಲುಗಾಡುವ ತಿಜೋರಿಯ ಕಾಲಿನ ಕೆಳಗೆ ಮಡಚಿ ಇಡಲು ಹೊರಟಿದ್ದೆ. ಅತ್ತೆ ಕೈಯಿಂದ ಕಸಿದು ಮತ್ತೆ ನನ್ನ ಕಟ್ಟಿಗೇ ಸೇರಿಸಿದಳು.

"ಇರ್ಲಿ ಬಿಡಲೇ. ಅಂವನೂ ನಿಮ್ಮ ಮಂದಿನ."

ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಬೆಂಕಿಜಡೆಯವಳೂ ವೀರೇಶನ ಪಾಲಾದಳು. ಅವಳು ನನಗೆ ಎಷ್ಟೋ ಪೊಟ್ಟಣಗಳ ನಂತರ ಸಿಕ್ಕವಳು. ನಾನು ಕಡಪ ಕಲ್ಲಿನ ಮೇಲೆ ಬಿದ್ದು ಹೊರಳಾಡಿ ಅಳತೊಡಗಿದೆ. ಅಜ್ಜಿಗೆ ಮಧ್ಯಾಹ್ನದ ನಿದ್ದೆ ಎಂದರೆ ಶಿವಪೂಜೆಯಷ್ಟೇ ಮುಖ್ಯ. ಎದ್ದು ಕುಳಿತು ಇಬ್ಬರಿಗೂ ಒಂದೊಂದು ಹಾಕಿ, ಏನು ಆಟ, ಹೇಗೆ ಆಟ ಎಂದು ವಿಚಾರಿಸಿದಳು. ಕೇಳಿದ ಮೇಲೆ ತೀರ್ಪು ಕೊಟ್ಟಳು.

"ಗೆದ್ದಾವಗ ಗೆದ್ದಿದ್ದ ಸಾಲದನು? ಮತ್ತ ಅವನ ಯಾಕ ಕೇಳಬೇಕು? ಇವತ್ತಿಂದ ಸೋತವ್ರು ಮೊದ್ಲು ಕೇಳ್ಲಿ."

"ಹಂಗ ಎಲ್ಲೂ ಇಲ್ಲಜ್ಜಿ!"

"ಈ ಮನ್ಯಾಗ ಐತಿ."

ಅಜ್ಜಿ ಮತ್ತೆ ಮಲಗಿದಳು. ಅದು ಎಷ್ಟು ದೊಡ್ಡ ಬದಲಾವಣೆ ಎಂಬುದು ನನಗೂ ಹೊಳೆಯಲಿಲ್ಲ, ವೀರೇಶನಿಗೂ ಹೊಳೆಯಲಿಲ್ಲ. ಹೊಳೆದದ್ದು ಮೊರದಲ್ಲಿ ನುಚ್ಚು ಕೇರುತ್ತ ಕುಳಿತಿದ್ದ ಅತ್ತೆಗೆ. ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು.

"ಅಂವ ಕೇಳೂ ಪಾಳಿ ಇದ್ದಾಗ ನೀ ನುಚ್ಚು ಇಡು. ಹೆಂಗೂ ಸೋಲಾದೈತಿ, ಛಲೋದು ಯಾಕ ಕಳ್ಕೋತಿ? ಸೋತ್ರ ಮುಂದಿಂದು ಕೇಳೂದು ನಿಂದು."

ವೀರೇಶನ ಪಾಳಿ ಬಂದಾಗ ನಾನು ನುಚ್ಚನ್ನು ಇಟ್ಟೆ. ಅವನು ಗತ್ತಿನಿಂದ "ಪವರ್" ಎಂದು ಕಬ್ಬಿಣದ ಕೈಯವನನ್ನು ತಿರುವಿದ. ಗೆದ್ದ. ಏನು ಗೆದ್ದ? ನುಚ್ಚು. ಈಗ ಕೇಳುವ ಪಾಳಿ ನನ್ನದು. ನಾನು ಹದ್ದಿನ ತಲೆಯವನನ್ನು ಬೋರಲು ಹಾಕಿ "ಸ್ಪೀಡ್" ಅಂದೆ. ಅವನ ಆನೆಯಂಥ ವೀರನೊಬ್ಬ ನನ್ನವನಾದ. ಆ ಮಧ್ಯಾಹ್ನ ನನ್ನ ಬೆಂಕಿಜಡೆಯವಳು ಮನೆಗೆ ಮರಳಿದಳು. ನನ್ನ ಬದುಕಿನಲ್ಲಿ ಆಮೇಲೆ ನನಗೂ ಸಣ್ಣಪುಟ್ಟ ಗೆಲುವುಗಳು ಬಂದಿವೆ, ಆದರೆ ಅಷ್ಟು ಕುಣಿದಾಡಿದ್ದು ನೆನಪಿಲ್ಲ.

ವೀರೇಶ ದಡ್ಡನಲ್ಲ. ಎರಡು ದಿನದಲ್ಲಿ ಅವನಿಗೂ ಗುಟ್ಟು ತಿಳಿಯಿತು. ಈಗ ನಾನು ಕೇಳುವಾಗ ಅವನು ನುಚ್ಚು ಇಡುತ್ತಿದ್ದ, ಅವನು ಕೇಳುವಾಗ ನಾನು ನುಚ್ಚು ಇಡುತ್ತಿದ್ದೆ. ಚೀಲ ಹೊತ್ತ ಆ ನರಪೇತಲ ನನ್ನಿಂದ ಅವನಿಗೆ, ಅವನಿಂದ ನನಗೆ ಓಡಾಡುತ್ತಲೇ ಇದ್ದ. ಬೇರೆ ಯಾವ ಕಾರ್ಡೂ ಕೈ ಬದಲಾಗುತ್ತಿರಲಿಲ್ಲ. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ವೀರೇಶನಿಗೆ ಬೇಜಾರಾಗಿ, "ಇದೇನು ಆಟನಾ? ಯಾರೂ ಗೆಲ್ಲಂಗಿಲ್ಲ, ಯಾರೂ ಸೋಲಂಗಿಲ್ಲ" ಎಂದು ಕಿರುಚಿದ. ಅತ್ತೆಗೆ ಮಾತ್ರ ಖುಷಿಯೋ ಖುಷಿ. ಅವಳೂ ನಡುವೆ ಕುಳಿತು, ಇಬ್ಬರ ಕಾರ್ಡುಗಳನ್ನೂ ಕಳ್ಳಗಣ್ಣಿನಿಂದ ನೋಡಿ, ಇಬ್ಬರಿಗೂ ಸನ್ನೆ ಮಾಡುತ್ತಿದ್ದಳು. ಗೋಡೆಯಾಚೆ ಮಿಲ್ಲು ಗುಡುಗುತ್ತಿತ್ತು, ಕಲ್ಲು ತಣ್ಣಗಿತ್ತು, ಬೆವರು ಮತ್ತು ತೌಡು ಬೆರೆತ ಅತ್ತೆಯ ಸೀರೆಯ ವಾಸನೆ ಮೂಗಿಗೆ ಬರುತ್ತಿತ್ತು. ನನಗೆ ಒಂದು ಮಧ್ಯಾಹ್ನ ವಾಪಸ್ಸು ಕೊಡುತ್ತೇವೆ, ಯಾವುದು ಬೇಕು ಎಂದು ಯಾರಾದರೂ ಕೇಳಿದರೆ ನಾನು ಮದುವೆಯ ದಿನವನ್ನಲ್ಲ, ಮಗಳು ಹುಟ್ಟಿದ ದಿನವನ್ನೂ ಅಲ್ಲ, ಅದನ್ನೇ ಕೇಳುತ್ತೇನೆ. ನನ್ನ ಮಗಳು ಇದನ್ನು ಓದಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಒಂದು ದಿನ ಊಟದ ಸಾಲಿನಲ್ಲಿ ಅಪ್ಪ, ದೊಡ್ಡಪ್ಪ ಎಂದಿನಂತೆ ಅತ್ತೆಯನ್ನು ಅತ್ತಿಂದಿತ್ತ ಓಡಾಡಿಸುತ್ತಿದ್ದಾಗ ವೀರೇಶ ನನ್ನ ತೊಡೆ ಚಿವುಟಿ, "ನೋಡ್ಲೇ, ಗಂಗತ್ತಿನೂ ನುಚ್ಚು" ಅಂದ. ಮೆಲ್ಲಗೆ ಅಂದರೂ ಅತ್ತೆಗೆ ಕೇಳಿಸಿತು. ಸೌಟಿನ ಹಿಡಿಯಿಂದ ಅವನ ನೆತ್ತಿಗೆ ಒಂದು ಬಿಟ್ಟಳು. "ನಾ ಕಾರ್ಡ್ ಅಲ್ಲಲೇ ಭಾಡ್ಯಾ, ಮನಶ್ಯಾಳು." ದೊಡ್ಡಪ್ಪ ಏನಾಯಿತೆಂದು ತಲೆಯೆತ್ತಿದ. ಅಪ್ಪನೂ ತಲೆಯೆತ್ತಿದ. ಅತ್ತೆ ಇಬ್ಬರ ತಟ್ಟೆಗೂ ಮೊಸರು ಬಡಿಸಿ ಮುಂದೆ ಹೋದಳು.

ಮಿಲ್ಲು, ಮನೆ ಎರಡನ್ನೂ ಹಿಸೆ ಮಾಡಬೇಕೆಂದು ಅಣ್ಣತಮ್ಮಂದಿರು ತೀರ್ಮಾನಿಸಿದ್ದೂ ಅತ್ತೆಯ ಬಾಯಿಂದಲೇ. "ಗಂಗಾ, ಅವಂಗ ಹೇಳು, ಕೂಡಿ ಇರಾದು ಸಾಕು." "ಅಕ್ಕಾ, ಅಣ್ಣಗ ಹೇಳು, ನನಗೂ ಸಾಕಾಗೈತಿ." ಆ ಮಾತುಗಳಿಂದ ಯಾವ ಕೂದಲನ್ನು ತೆಗೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಇದ್ದ ಹಾಗೇ ಹೇಳಿದಳು. ಮಿಲ್ಲೂ ಮನೆಯೂ ದೊಡ್ಡಪ್ಪನಿಗೆ, ಅಪ್ಪನಿಗೆ ಅದರ ಬದಲಿಗೆ ಹಣ, ನಾವು ಹೊಸಪೇಟೆಗೆ ಹೋಗಿ ಅಕ್ಕಿ ಅಂಗಡಿ ಇಡುವುದು ಎಂದಾಯಿತು. ಅಜ್ಜಿ ರೂಢಿಯಂತೆ ಹಿರಿಮಗನ ಜೊತೆ. ಎಲ್ಲರೂ ಎಲ್ಲವನ್ನೂ ಮಾತಾಡಿದರು, ಹಿತ್ತಾಳೆ ಹಂಡೆ ಯಾರಿಗೆ, ಎತ್ತರದ ಮಂಚ ಯಾರಿಗೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅತ್ತೆ ನಮ್ಮ ಕೂಡ ಬರುತ್ತಾಳೋ ಇಲ್ಲವೋ. ಅಮ್ಮನನ್ನು ಕೇಳಿದರೆ "ಅಪ್ಪನ್ನ ಕೇಳು" ಅಂದಳು. ಅಪ್ಪನನ್ನು ಕೇಳಿದರೆ "ದೊಡ್ಡವರ ಮಾತಿನ್ಯಾಗ ನಿನಗೇನು ಕೆಲಸ" ಅಂದ. ಅತ್ತೆಯನ್ನು ಕೇಳಿದರೆ, "ನನ್ನ ಇನ್ನಾ ಯಾರೂ ಕೇಳಿಲ್ಲ" ಎಂದು ನಕ್ಕಳು. ನಾನಿನ್ನೂ ನೋಡಿರದ ಹೊಸಪೇಟೆಯ ಮನೆಯಲ್ಲಿ ಅವಳ ಹಾಸಿಗೆಗೆ ಜಾಗವನ್ನೂ ಗೊತ್ತು ಮಾಡಿಕೊಂಡಿದ್ದೆ.

ಹಿಸೆಯ ದಿನ ಬಳಗದ ಹಿರಿಯರಿಬ್ಬರು ಬಂದು ಪಡಸಾಲೆಯಲ್ಲಿ ಜಮಖಾನದ ಮೇಲೆ ಕುಳಿತರು. ಮಿಲ್ಲು ನಿಲ್ಲಿಸಿದ್ದರು. ಬೀಗರ ಲೆಕ್ಕದಲ್ಲಿ ಅವತ್ತು ಇಡಿ ಅಕ್ಕಿ ಬೇಯುತ್ತಿತ್ತು. ಅತ್ತೆ ಚಹಾದ ತಟ್ಟೆ ಹಿಡಿದು ಬಂದಾಗ ಎಲ್ಲ ಮಾತೂ ಮುಗಿದಿತ್ತು. ಹಿರಿಯರಲ್ಲೊಬ್ಬರು ಅವಳನ್ನು ನೋಡಿ ಆಗ ನೆನಪಾದವರಂತೆ ಕೇಳಿದರು.

"ಮತ್ತ ಗಂಗಮ್ಮಂದು ಹೆಂಗ್ರಿ?"

ದೊಡ್ಡಪ್ಪ ನೆಲ ನೋಡುತ್ತ, ಇಷ್ಟು ವರ್ಷ ಬಾಯಿಗೆ ಹತ್ತಿದ್ದ ರೂಢಿಯಲ್ಲೇ ಹೇಳಿದ.

"ಗಂಗಾ, ಅವಂಗ ಕೇಳು, ಗಂಗಾನ್ನ ಅಂವ ಕರ್ಕೊಂಡು ಹೋಗ್ತಾನೇನು ಅಂತ."

ತಾನು ಏನು ಹೇಳಿದೆನೆಂದು ದೊಡ್ಡಪ್ಪನಿಗೆ ಗೊತ್ತಾಗಲಿಲ್ಲ. ಸತ್ಯ ಹೇಳಬೇಕೆಂದರೆ ಆ ಕ್ಷಣ ಯಾರಿಗೂ ಗೊತ್ತಾಗಲಿಲ್ಲ, ನಮ್ಮ ಮನೆಯ ಕಿವಿಗಳು ಹಾಗೆ ಪಳಗಿದ್ದವು. ಅತ್ತೆಯೂ ರೂಢಿಯಂತೆ ಅಪ್ಪನ ಕಡೆ ತಿರುಗಿ ಬಾಯಿ ತೆರೆದಳು. "ಅಣ್ಣ ಕೇಳಾಕತ್ಯಾನ..." ಎಂದಳು. ಅಷ್ಟಕ್ಕೆ ನಿಂತಳು. ಚಹಾದ ತಟ್ಟೆಯನ್ನು ಕೆಳಗಿಟ್ಟಳು, ಒಂದು ಹನಿಯೂ ಚೆಲ್ಲದ ಹಾಗೆ.

"ಇದನ್ನ ನಾ ಕೇಳಂಗಿಲ್ಲ. ನೀವ ಕೇಳ್ಕೊಳ್ಳ್ರಿ."

ಮಿಲ್ಲು ನಿಂತ ಮನೆ. ಅಡುಗೆಮನೆಯಲ್ಲಿ ಎಸರು ಕುದಿಯುವುದು ಕೇಳಿಸುತ್ತಿತ್ತು. ದೊಡ್ಡಪ್ಪ ಮೊದಲ ಸಲ ತಲೆಯೆತ್ತಿ ತಮ್ಮನ ಮುಖ ನೋಡಿದ. ನಾನು ಹುಟ್ಟಿದಾಗಿನಿಂದ ಅವರಿಬ್ಬರು ನೇರವಾಗಿ ಮಾತಾಡಿದ್ದನ್ನು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಏನ್ಲೇ, ಕರ್ಕೊಂಡು ಹೋಗ್ತಿಯೇನು?"

"ಮನಿ ನಿನಗ ಬಂದೈತಿ. ಹಿರಿಯಾಂವ ನೀನು."

"ನನ್ನ ಕೂಡ ಅವ್ವ ಇರ್ತಾಳ."

"ನಂದು ಬಾಡಿಗಿ ಮನಿ ಅಣ್ಣಾ. ಸಣ್ಣದು."

ಅಷ್ಟು ವರ್ಷಗಳ ಮೌನ ಮುರಿದು ಆಡಿದ ಮಾತುಗಳು ಇವು. ಅಪ್ಪ "ಅಣ್ಣಾ" ಎಂದು ಕರೆದದ್ದಕ್ಕೆ ಹಿರಿಯರು ತಲೆಯಾಡಿಸಿದರು, ಏನೋ ಒಳ್ಳೆಯದಾಯಿತು ಎಂಬಂತೆ. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಅಜ್ಜಿಯ ಮೇಲೂ ಇದೆ. ಚ್ಯೂಯಿಂಗ್ ಗಮ್ಮಿನ ಕಾರ್ಡಿಗೆ ತೀರ್ಪು ಕೊಟ್ಟವಳು ಅವತ್ತು ದೇವರ ಜಗಲಿಯ ಮುಂದೆ ಬೆನ್ನು ತಿರುಗಿಸಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ನಾನು ಕಂಬದ ಮರೆಯಿಂದ ಓಡಿ ಬಂದು, "ನಮ್ಮ ಕೂಡ ಬರ್ಲಿ! ಅತ್ತಿ ನಮ್ಮ ಕೂಡ ಬರ್ಲಿ!" ಎಂದು ಕೂಗಿದೆ. ಅಮ್ಮ ರಟ್ಟೆ ಹಿಡಿದು ಎಳೆದಳು. ಅತ್ತೆ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ನಿನ್ನ ಯಾರೂ ಕೇಳ್ಲಿಲ್ಲಲೇ ಶೈಲಾ. ಕೇಳಿದ್ರ ಛಲೋ ಇತ್ತು" ಅಂದಳು. ಆಮೇಲೆ ಹಿರಿಯರ ಕಡೆ ತಿರುಗಿ, ಮಾಮೂಲಿ ದನಿಯಲ್ಲಿ, "ನಂದು ನಾ ನೋಡ್ಕೋತೀನ್ರಿ. ಸಂಡೂರಾಗ ಹಾಸ್ಟೆಲಿಗೆ ಅಡಿಗಿಯಾಕಿ ಬೇಕಂತ ಹೇಳಾಕತ್ತಿದ್ರು. ಚಾ ತಗೋರ್ರಿ, ಆರಾಕತ್ತೈತಿ" ಅಂದಳು.

ಯಾರಾದರೂ ಬೇಡ ಅನ್ನುತ್ತಾರೆ ಎಂದು ನಾನು ಕಾದೆ. ಎಲ್ಲರೂ ಚಹಾ ತೆಗೆದುಕೊಂಡರು.

ಹೊಸಪೇಟೆಯ ಮನೆಯಲ್ಲಿ ಗೋಡೆಗಳು ಅಲುಗುತ್ತಿರಲಿಲ್ಲ. ಅಪ್ಪನ ಅಂಗಡಿ ನಡೆಯಿತು, ಅಮ್ಮ ದಿನಾ ಇಡಿ ಅಕ್ಕಿಯ ಅನ್ನ ಮಾಡಿದಳು. ಮೊದಮೊದಲು ನನಗೆ ಉಣ್ಣಲಾಗುತ್ತಿರಲಿಲ್ಲ, ಅಗುಳು ಬಾಯಲ್ಲಿ ತೀರಾ ಉದ್ದವೆನಿಸುತ್ತಿತ್ತು. ಅಮ್ಮನ ಮಗ್ಗುಲಲ್ಲಿ ಮಲಗಿ ಸೀರೆಯ ವಾಸನೆ ಹುಡುಕುತ್ತಿದ್ದೆ; ಅದು ಸೋಪಿನ ವಾಸನೆ. ಕಾರ್ಡುಗಳನ್ನು ವೀರೇಶನಿಗೇ ಕೊಟ್ಟು ಬಂದಿದ್ದೆ, ನಡುವೆ ಕುಳಿತು ಮೋಸ ಮಾಡುವವರಿಲ್ಲದ ಮೇಲೆ ಅವು ಬರೀ ರಟ್ಟು. ಮದುವೆ ಮುಂಜಿಗಳಲ್ಲಿ ಅತ್ತೆ ಸಿಗುತ್ತಿದ್ದಳು. ಅದೇ ದೊಡ್ಡ ನಗು, ಹಾಸ್ಟೆಲಿನ ಹುಡುಗಿಯರ ನೂರೆಂಟು ಕತೆ, ಊಟ ಮುಗಿದ ಕೂಡಲೇ ಸಂಡೂರಿನ ಬಸ್ಸು. ಯಾರ ಮನೆಯಲ್ಲೂ ಒಂದು ದಿನ ಉಳಿಯಲಿಲ್ಲ. ನಾನು ಏನಾಗಿ ಬೆಳೆದೆ ಎಂದರೆ, ಎದುರಿಗೇ ಹೇಳುವವಳಾಗಿ ಬೆಳೆದೆ. ಆಫೀಸಿನಲ್ಲಿ ನನಗೆ ಗಯ್ಯಾಳಿ ಎಂಬ ಹೆಸರಿದೆ. "ಮೇಡಂ, ಅವರಿಗೆ ನೀವೊಂದು ಮಾತು ಹೇಳ್ರಿ" ಎಂದು ಯಾರಾದರೂ ಬಂದರೆ ನನಗೆ ಮೈಯುರಿಯುತ್ತದೆ. ಬಾಯಿಲ್ಲವೇ ನಿನಗೆ, ಹೋಗಿ ನೀನೇ ಹೇಳು ಅನ್ನುತ್ತೇನೆ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಅತ್ತೆಗೆ ಹಾಸ್ಟೆಲಿನ ಕೆಲಸ ಮುಗಿದು ಬಾಡಿಗೆ ಕೋಣೆಯಲ್ಲಿದ್ದಾಳೆ ಎಂದು ತಿಳಿದು, ಹೋದ ಬೇಸಿಗೆಯಲ್ಲಿ ಸಂಡೂರಿಗೆ ಹೋದೆ. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿತು, ಇಳಿದಾಗ ನನ್ನ ಬಿಳಿ ಕುರ್ತಾ ಕೆಂಪಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತು ಅದನ್ನು ನೋಡಿ ನಕ್ಕಳು. ಒಂದು ಮಂಚ, ಒಂದು ಗ್ಯಾಸ್ ಒಲೆ, ಗೋಡೆಯ ತುಂಬ ಹಾಸ್ಟೆಲಿನ ಹುಡುಗಿಯರ ಮದುವೆಯ ಫೋಟೋಗಳು. ಪಾಪ ಅನ್ನಬೇಕಾದ ಕೋಣೆಯಲ್ಲ ಅದು. ಆದರೂ ನಾನು ಹೋದ ಕೆಲಸವನ್ನು ಕುಳಿತ ಕೂಡಲೇ ಹೇಳಿದೆ.

"ಅತ್ತಿ, ನನ್ನ ಕೂಡ ಬಂದು ಇರು."

"ಯಾರು ಹೇಳಿ ಕಳಿಸಿದ್ರು?"

"ಯಾರೂ ಇಲ್ಲ. ನಾನ ಬಂದೀನಿ."

ಅತ್ತೆ ನನ್ನ ಕುರ್ತಾದ ಕೆಂಪು ಧೂಳನ್ನು ಸೆರಗಿನಿಂದ ಕೊಡವಿದಳು. ಆಮೇಲೆ ಹೇಳಿದಳು, "ನಿಮ್ಮಪ್ಪ ಬಂದಿದ್ದ ಒಮ್ಮೆ. ನಿನಗ ಹೇಳಿರಬೇಕಲ್ಲ?"

ಅಪ್ಪ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ನಾವು ಹೊಸಪೇಟೆಗೆ ಬಂದ ಮರುವರ್ಷವೇ ಅಪ್ಪ ಒಬ್ಬನೇ ಬಸ್ಸು ಹತ್ತಿ ಸಂಡೂರಿಗೆ ಹೋಗಿದ್ದನಂತೆ. ಹಾಸ್ಟೆಲಿನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಚಪ್ಪಲಿ ನೋಡಿಕೊಂಡನಂತೆ.

"ಕಡೀಕೆ ಅಂದ. 'ಅಕ್ಕಾ, ಶೈಲಾ ನಿನ್ನ ಭಾಳ ನೆನಸ್ತಾಳ. ಶೈಲಾ ಕರಿಯಾಕತ್ಯಾಳ, ಬಾ.' ನಾ ಅಂದೆ, 'ಶೈಲಾ ಕರದ್ರ ಶೈಲಾನ ಬರ್ತಾಳ. ನೀ ಕರೀತಿಯೇನು ಹೇಳು. ನೀ ಒಮ್ಮೆ ಬಾ ಅನ್ನು, ಇವತ್ತ ಬರ್ತೀನಿ.' ಗಂಟು ಕಟ್ಟಾಕ ಎದ್ದ ನಿಂತಿದ್ದೆ ನಾನು."

"ಏನಂದ ಅಪ್ಪ?"

"ಬಾಯಿ ತೆರದ. ಬರ್ಲಿಲ್ಲ ಅವಗ. ಮಾತು ಬರ್ಲಿಲ್ಲ. ಚಾ ಕೊಟ್ಟೆ, ಕುಡದ, ಬಸ್ಸಿಗೆ ಹೋದ. ಆಮ್ಯಾಗ ನಾ ಕಾಯ್ದೆ. ನಾಳೆ ಬರ್ತಾನ, ಜಾತ್ರಿಗೆ ಬರ್ತಾನ, ಅಂತ. ಅಂವ ಸತ್ತ ಸುದ್ದಿ ಬರೂ ತನಕ ಕಾಯ್ದೆ ನೋಡು."

ನನ್ನ ಹೆಸರನ್ನು ಹಿಡಿದುಕೊಂಡು ಅಪ್ಪ ಆ ಕಟ್ಟೆಯ ಮೇಲೆ ಕುಳಿತದ್ದನ್ನು ನಾನು ಯೋಚಿಸಿದೆ. ಅಪ್ಪನಿಗೂ ನೀನು ಬೇಕಾಗಿತ್ತು ಅತ್ತೆ, ಅವನಿಗೆ ಹೇಳಲು ಬರಲಿಲ್ಲ ಅಷ್ಟೆ, ಎಂದು ಅವನ ಪರವಾಗಿ ಹೇಳಿಬಿಡೋಣ ಅನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಮ್ಮ ಮಂದಿ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಆಡಿಸಿದ್ದು ಸಾಕಾಗಿತ್ತು. ಅಪ್ಪನ ಮಾತು ಅಪ್ಪನ ಜೊತೆಗೇ ಹೋಯಿತು. ನನ್ನ ಹತ್ತಿರ ನನ್ನದೊಂದು ಇತ್ತು.

"ನೀ ಇಲ್ಲದ ಆ ಮನ್ಯಾಗ ನನಗ ನಿದ್ದಿ ಬರ್ತಿದ್ದಿಲ್ಲತ್ತಿ. ನೀ ಬೇಕಾಗಿದ್ದಿ ನನಗ. ಈಗೂ ಬೇಕು."

ಅತ್ತೆ ನನ್ನ ಮುಖವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಬರಾಕ ವಯಸ್ಸಾತಲೇ ನನಗ. ಬರಂಗಿಲ್ಲ" ಅಂದಳು. "ಆದ್ರ ಇನ್ನೊಮ್ಮೆ ಅನ್ನು ಆ ಮಾತು. ನಮ್ಮ ಮನ್ಯಾಗ ಯಾರೂ ನನಗ ಅಂದಿದ್ದಿಲ್ಲ."

ನಾನು ಇನ್ನೊಮ್ಮೆ ಅಂದೆ.